ಕೈಬಿಸಿಗೆ ಏಳುವ ತಂತಿ

ಆ ರಾತ್ರಿ ಎರಡನೇ ಶಿಫ್ಟು ಮುಗಿಸಿಕೊಂಡು ಅಕ್ಕ ಬಾವಿ ಹಾದಿಯಲ್ಲಿ ಮನೆಗೆ ಬರುತ್ತಿದ್ದಳು. ಒಬ್ಬಳೇ ಅಲ್ಲ. ಹಿಂದೆ ಗಂಡ ಬರುತ್ತಿದ್ದ... ಬರುತ್ತಿದ್ದಾನೆ ಅಂತ ಅವಳು ಅಂದುಕೊಂಡಿದ್ದಳು.

ಅಕ್ಕ ಅಂದರೆ ನನ್ನ ಚಿಕ್ಕಮ್ಮನ ಮಗಳು. ಬಾಯಿಂದ ಬಾಯಿಗೆ ಬಂದು ಬಾಲ ಬೆಳೆಸಿಕೊಂಡ ಕತೆ ಇದಲ್ಲ. ಅವಳೇ ನನ್ನ ಪಕ್ಕ ಕೂತು, ಕಂಬಳಿ ಹೊದ್ದು, ಗೋಡೆ ನೋಡಿಕೊಂಡು ಹೇಳಿದ್ದು. ನಾನು ಹತ್ತೂರ ನೀರು ಕುಡಿದವಳು, ದೆವ್ವ ಅಂದರೆ ನಗು ಬರುತ್ತೆ. ಅವತ್ತು ಬರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಒಂದೇ ಲೋಹದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮಾಮೂಲಿ ಕಬ್ಬಿಣ ಅಲ್ಲ, ಗುಣ ನೋಡಿ ನೋಡಿ ಬೆರೆಸಿ ಮಾಡುವ ಲೋಹಗಳು. ಒಂದು ಶೆಡ್ಡಿನಲ್ಲಿ ಕೆಂಪಗೆ ಕಾದರೂ ಮೊನೆ ಕಳಕೊಳ್ಳದ ಉಕ್ಕು. ಇನ್ನೊಂದರಲ್ಲಿ ವಿಮಾನದ ಎಂಜಿನ್ನಿನ ಬೆಂಕಿಯೊಳಗೆ ಕೂತರೂ ಜಗ್ಗದ ನಿಕ್ಕಲ್ ಲೋಹ. ಮತ್ತೊಂದರಲ್ಲಿ ವರ್ಷಗಟ್ಟಲೆ ಉಪ್ಪುನೀರಲ್ಲಿ ಮುಳುಗಿದ್ದರೂ ತುಕ್ಕು ಹಿಡಿಯದ ಹಡಗಿನ ಉಕ್ಕು. ಅಳಿಯಂದಿರ ಹಾಗೆ, ಒಂದೊಂದಕ್ಕೆ ಒಂದೊಂದು ಹೆಚ್ಚುಗಾರಿಕೆ, ಒಂದೊಂದು ಮೊಂಡುತನ. ಅಕ್ಕ ಮತ್ತು ಅವಳ ಗಂಡ ಇದ್ದದ್ದು ಕೊನೆಯ ಶೆಡ್ಡಿನಲ್ಲಿ. ಅಲ್ಲಿ ಮಾಡುತ್ತಿದ್ದದ್ದು ನೆನಪಿನ ತಂತಿ.

ನಿಕ್ಕಲ್ಲು, ಟೈಟಾನಿಯಂ ಎರಡನ್ನೂ ಸೇರಿಸಿ ಕರಗಿಸಿ, ಕೂದಲಿನಷ್ಟು ಸಣ್ಣಗೆ ಎಳೆದ ತಂತಿ ಅದು. ಮೊಳೆಗಳ ಸುತ್ತ ಬೇಕಾದ ಆಕಾರಕ್ಕೆ ಬಿಗಿದು, ಕುಲುಮೆಯಲ್ಲಿ ಕಾಯಿಸಿ, ನೀರಿಗೆ ಅದ್ದಿದರೆ ಮುಗಿಯಿತು, ಆ ಆಕಾರವನ್ನು ಮರೆಯುವುದಿಲ್ಲ. ಆಮೇಲೆ ಐಸಿನಲ್ಲಿಟ್ಟು ನೆಟ್ಟಗೆ ಮಾಡಿದರೆ, ಹೊಲಿಗೆ ದಾರದ ಹಾಗೆ ತೆಪ್ಪಗೆ ಮಲಗುತ್ತೆ. ಬಿಸಿ ತಗುಲಿತೋ... ಸರಕ್ಕನೆ ಎದ್ದು ಹಳೆಯ ಆಕಾರಕ್ಕೆ ತಿರುಗುತ್ತೆ. ಹೃದ್ರೋಗದವರ ರಕ್ತನಾಳದೊಳಗೆ ಇಡುವ ಜಾಲರಿ ಕೊಳವೆ ಮಾಡುವುದು ಇದರಿಂದಲೇ. ಸಣ್ಣಗೆ ಮಡಿಸಿಕೊಂಡು ಒಳಗೆ ಹೋಗುತ್ತೆ, ಮೈಬಿಸಿಗೆ ಅರಳಿಕೊಳ್ಳುತ್ತೆ. ಹಾಗಾಗಿ ತಂತಿ ಸರಿಯಾಗಿ ಮೈಬಿಸಿಗೇ ಏಳಬೇಕು. ನಿಕ್ಕಲ್ಲು ಕೂದಲೆಳೆಯಷ್ಟು ಹೆಚ್ಚಾದರೆ ಚಳಿಯಲ್ಲೇ ಎದ್ದು ಕೂರುತ್ತೆ. ಕಡಿಮೆಯಾದರೆ ಕೆಂಡ ತೋರಿಸಿದರೂ ಸೋಮಾರಿ.

ಇದನ್ನು ಅಳೆಯಲು ಮಹಡಿಯ ಮೇಲೆ ಯಂತ್ರ ಇತ್ತು. ಆದರೆ ಶೆಡ್ಡಿನ ಮೇಸ್ತ್ರಿಗೆ ತನ್ನದೇ ಒಂದು ಪದ್ಧತಿ. ಶಿಫ್ಟು ಶುರುವಾಗುವಾಗ ಐಸು ತುಂಬಿದ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಬಂದವರ ಅಂಗೈ ಮೇಲೆ ಚಿಮಟದಿಂದ ಒಂದು ನೆಟ್ಟನೆಯ ತಂತಿ ಇಡುತ್ತಿದ್ದ.

"ಮುಚ್ಚು."

ಮುಷ್ಟಿ ಮುಚ್ಚಬೇಕು.

"ಬಿಚ್ಚು."

ಬಿಚ್ಚಿದರೆ ಅಂಗೈಯಲ್ಲಿ ತಂತಿ ಹೋಗಿ ಉಂಗುರ!

"ಹಾಜರ್! ಬದುಕಿದಾನೆ, ಕೆಲಸಕ್ಕೆ ಹಚ್ಚಿ" ಅನ್ನುತ್ತಿದ್ದ. ದಿನವೂ ಅದೇ ಜೋಕು, ದಿನವೂ ಅವನೊಬ್ಬನೇ ನಗುವುದು. ಆದರೆ ಒಂದು ವಿಷಯದಲ್ಲಿ ತಮಾಷೆ ಇರಲಿಲ್ಲ. ತಂತಿ ಏಳದಿದ್ದರೆ ಹೀಟರ್ ಮುಂದೆ ಕೈ ಕಾಯಿಸಿಕೊಂಡು ಬರಬೇಕು. ಆಗಲೂ ಏಳದಿದ್ದರೆ ನರ್ಸಮ್ಮನ ಕೋಣೆಗೆ. ತಂತಿ ಏಳಿಸಲಾರದ ಕೈ ತಂತಿ ಮುಟ್ಟಕೂಡದು, ಅದು ಮೇಸ್ತ್ರಿಯ ಕಾನೂನು.

ಇನ್ನು ಬಾವಿ. ಕಾರ್ಖಾನೆಯ ಹಿಂದಿನ ಗೇಟಿನಿಂದ ಕಾರ್ಮಿಕರ ಮನೆಸಾಲಿಗೆ ಒಂದು ಅಡ್ಡದಾರಿ. ಅದರ ನಡುವೆ ಹಾಳು ಬಾವಿ. ಲೋಕಕ್ಕೆಲ್ಲ ತುಕ್ಕು ಹಿಡಿಯದ ಉಕ್ಕು ಕಳಿಸುವ ಕಾರ್ಖಾನೆ ತನ್ನ ಬಾವಿಗೆ ಮುಚ್ಚಿದ್ದು ತುಕ್ಕು ತಿಂದ ತಗಡು. ದೀಪದ ಬುಡ ಕತ್ತಲೆ ಅಂತಾರಲ್ಲ, ಹಾಗೆ. ಎಲ್ಲರೂ ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಅಕ್ಕನ ಗಂಡ ಒಬ್ಬ ಮಾತ್ರ ಅದರ ಮೇಲೇ ಹಾರಿ ಹೋಗಬೇಕು. ಕಾಲಿಟ್ಟಾಗ ಠಣ್. ಇಳಿದಾಗ ತಗಡು ಹಿಂದಕ್ಕೆ ಪುಟಿದು ಡಬ್. ಮುಂದೆ ಹೋಗುವ ಹೆಂಗಸರು ಹೌಹಾರಬೇಕು, ಇವನು ನಗಬೇಕು. ಅದಕ್ಕೇ ಶೆಡ್ಡಿನಲ್ಲಿ ಅವನ ಹೆಸರು ಠಣ್ಣಪ್ಪ. ಮನೆಯಲ್ಲಿಟ್ಟ ಹೆಸರು ಅವನ ತಾಯಿಗೂ ಮರೆತಿತ್ತು.

ಆ ರಾತ್ರಿ ಕುಲುಮೆಯಿಂದ ಕೊನೆಯ ತಟ್ಟೆ ತೆಗೆಯುವುದಿತ್ತು. "ನೀನು ನಡೀತಿರು, ಬಂದೆ" ಅಂದ. ಅಕ್ಕ ನಡೆದಳು. ಕೊರೆಯುವ ಚಳಿ. ಉಸಿರು ಬಿಟ್ಟರೆ ಬಾಯಿಂದ ಹೊಗೆ. ಬಾವಿ ಬಳಸಿಕೊಂಡು ಗೋಡೆಯ ತಿರುವಿಗೆ ಬಂದಳು. ಹಿಂದಿನಿಂದ...

ಠಣ್.

ಅವಳು ತಿರುಗಲಿಲ್ಲ. ತಿರುಗಿದರೆ ಅವನು ಗೆದ್ದ ಹಾಗೆ. ಹಾಗೇ ನಿಂತು ಇನ್ನೊಂದು ಸದ್ದಿಗೆ ಕಾದಳು. ಡಬ್ ಬರಬೇಕು. ಈಗ ಬರಬೇಕು...

ಬರಲಿಲ್ಲ.

ಎಲ್ಲೋ ಆಳದಲ್ಲಿ, ಕೊಡ ಮುಳುಗಿದ ಹಾಗೆ, ಬುಳಕ್... ಕೇಳಿಸಿತೋ, ಕೇಳಿಸಿದ ಹಾಗಾಯಿತೋ.

"ರೀ..."

ಚಿಮ್ಮಂಡೆ ಹುಳ ಕೂಡ ಸುಮ್ಮನಾಗಿತ್ತು.

"ರೀ, ಆಟ ಸಾಕು..."

"ಯಾಕೆ ನಿಂತೆ?"

ಅವನು ಬೆನ್ನ ಹಿಂದೆಯೇ ಇದ್ದ. ಹೆಜ್ಜೆ ಸದ್ದು ಕೇಳಿರಲಿಲ್ಲ. ನಗುತ್ತಿದ್ದ. ಅಂಗಿಯ ತೋಳು ಭುಜದವರೆಗೂ ಒದ್ದೆ.

"ಏನಿದು ಒದ್ದೆ?"

"ಐಸಿನ ತೊಟ್ಟಿಗೆ ಚಿಮಟ ಬಿತ್ತು. ಕೈ ಹಾಕಿ ತೆಗೆದೆ. ನಡಿ, ಅಮ್ಮ ಕಾಯ್ತಿರ್ತಾಳೆ."

ನಡೆದರು. ದಾರಿಯುದ್ದಕ್ಕೂ ಅವನದೇ ಮಾತು, ಮೇಸ್ತ್ರಿಯನ್ನು ಅಣಕಿಸುವುದು, ತಾನೇ ನಗುವುದು. ಅಕ್ಕನ ಬಾಯಿಂದ ಮಾತಿಗೊಂದು ಮೋಡ ಹೊರಡುತ್ತಿತ್ತು. ಅವನ ಬಾಯಿಂದ ಬರೀ ಮಾತು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದಳು. ಆ ಮನೆಯಲ್ಲೊಂದು ಆಟ. ಪರೀಕ್ಷೆ ಮುಗಿದು ಎಸೆಯುವ ತಂತಿಯಲ್ಲಿ ಒಂದನ್ನು ಅವನು ದಿನವೂ ಜೇಬಲ್ಲಿಟ್ಟು ತರುತ್ತಿದ್ದ. ಅತ್ತೆ ಅದನ್ನು ತಣ್ಣೀರಿನ ಹೂಜಿಯಲ್ಲಿ ಅದ್ದಿ, ಉಗುರಿನಿಂದ ಎಳೆದು ನೆಟ್ಟಗೆ ಮಾಡಿ, ಮಗನ ಕೈಗಿಟ್ಟು, "ಎಲ್ಲಿ, ಜ್ವರಗಿರ ಇದ್ಯಾ ನೋಡೋಣ" ಅನ್ನುವಳು. ಅವನು ಮುಷ್ಟಿ ಬಿಚ್ಚಿದಾಗ ಉಂಗುರ. ಅದನ್ನು ತೆಗೆದು ಪರದೆಯ ಕೋಲಿಗೆ ಪೋಣಿಸುವಳು. ಕಿಟಕಿಯ ಮೇಲೆ ಮದುವೆಯಾದಾಗಿನಿಂದ ಬಂದ ಉಂಗುರಗಳ ಸಾಲು, ಗಾಳಿ ಬಂದರೆ ಕಿಣಿಕಿಣಿ.

ಅವತ್ತೂ ಕೊಟ್ಟಳು. ಅವನು ಮುಷ್ಟಿ ಮುಚ್ಚಿದ. ಬಿಚ್ಚಿದ.

ತಂತಿ ಮಲಗಿಯೇ ಇತ್ತು.

"ಐಸಲ್ಲಿ ಕೈ ಹಾಕಿದ್ನಲ್ಲ, ಮರಗಟ್ಟಿದೆ" ಅಂದ.

"ತಂತೀನೇ ಕೆಟ್ಟದ್ದು. ನಿಮ್ಮ ಮೇಸ್ತ್ರಿ ಮುಖದ ಹಾಗೆ" ಅಂದಳು ಅತ್ತೆ.

ಊಟಕ್ಕೆ ಕೂತ. ಎರಡನೇ ಸಲ ಬಡಿಸಿಕೊಂಡ. ಉಪ್ಪು ಕಮ್ಮಿ ಅಂದ. ತಟ್ಟೆ ಎತ್ತುವಾಗ ಅಕ್ಕ ಆ ತಂತಿಯನ್ನು ನೆಲದಿಂದ ಎತ್ತಿಕೊಂಡಳು, ಎಸೆಯೋಣ ಅಂತ. ಬಚ್ಚಲಿಗೆ ಹೋಗುವಷ್ಟರಲ್ಲಿ ಅಂಗೈಯಲ್ಲಿ ಏನೋ ಹರಿದಾಡಿತು. ಮುಷ್ಟಿ ಬಿಚ್ಚಿ ನೋಡಿದಳು.

ಉಂಗುರ. ದುಂಡಗೆ. ಒಂದಿಷ್ಟೂ ಕೆಟ್ಟಿರಲಿಲ್ಲ ತಂತಿ.

ಅವಳು ಅದನ್ನು ಮತ್ತೆ ಮುಷ್ಟಿಯೊಳಗೆ ಮುಚ್ಚಿಕೊಂಡಳು. ಯಾರಿಗೂ ಹೇಳಲಿಲ್ಲ. ಬಚ್ಚಲ ಗೋಡೆಗೆ ಒರಗಿಕೊಂಡು, ಸತ್ತವರು ಉಪ್ಪು ಕಮ್ಮಿ ಅಂತಾರಾ... ಅನ್ನಲ್ಲ ತಾನೇ... ಅಂತ ತನ್ನನ್ನೇ ಕೇಳಿಕೊಂಡಳಂತೆ.

ಬೆಳಗಾದರೆ ಸರಿಹೋಗುತ್ತೆ ಅಂದುಕೊಂಡಳು. ಬೆಳಗಾಯಿತು. ಅವನು ಎದ್ದ, ಮುಖ ತೊಳೆದ, ಸಿಳ್ಳೆ ಹಾಕಿದ. ಕೈ ಮುಟ್ಟಿದರೆ ನೆಲದ ಕಲ್ಲಿನಷ್ಟು ತಣ್ಣಗೆ.

ಹೊತ್ತೇರಿದಂತೆ ಅವಳಿಗೆ ಹೊಳೆದದ್ದು ಮೇಸ್ತ್ರಿಯ ಫ್ಲಾಸ್ಕು. ತಂತಿ ಏಳದಿದ್ದರೆ ನರ್ಸಮ್ಮನ ಕೋಣೆ. ನರ್ಸಮ್ಮ ಮಣಿಕಟ್ಟು ಹಿಡಿಯುತ್ತಾಳೆ, ನಾಡಿ ಹುಡುಕುತ್ತಾಳೆ. ಆಮೇಲೆ? ಆಮೇಲೆ ಇವನಿಗೂ ಗೊತ್ತಾಗುತ್ತೆ. ಗೊತ್ತಾದ ಮೇಲೆ ಇವನು ಇರುತ್ತಾನಾ?

ಅವತ್ತು ಗೇಟಿನ ಹತ್ತಿರದ ಟೀ ಅಂಗಡಿಯಲ್ಲಿ ಕುದಿಯುವ ಟೀ ತೆಗೆದುಕೊಟ್ಟಳು.

"ಲೋಟ ಎರಡೂ ಕೈಲಿ ಹಿಡ್ಕೊಳಿ."

"ಸುಡುತ್ತೆ ಕಣೇ."

"ಸುಡ್ತಿದ್ಯಾ?" ಆಸೆಯಿಂದ ಕೇಳಿದಳು.

ಅವನು ಲೋಟ ನೋಡಿದ. "ಇಲ್ಲ... ಸುಡ್ತಿಲ್ಲ."

"ಹಾಗಾದ್ರೆ ಹಿಡ್ಕೊಂಡೇ ಬನ್ನಿ."

ಬಾಗಿಲಲ್ಲಿ ಮೇಸ್ತ್ರಿ ತಂತಿ ಇಟ್ಟ. ಮುಚ್ಚು. ಬಿಚ್ಚು. ತಂತಿ ಆಕಳಿಸಿಕೊಂಡು ಏಳುವವರ ಹಾಗೆ ಅರ್ಧ ಬಳುಕಿತು... ನಿಂತಿತು... ಮತ್ತೆ ಬಳುಕಿ ಉಂಗುರವಾಯಿತು.

"ಹಾಜರ್! ಏನೋ ಠಣ್ಣಪ್ಪ, ಇನ್ನೂ ನಿದ್ದೆಗಣ್ಣಲ್ಲಿದೆ ನಿನ್ನ ತಂತಿ."

ಅಕ್ಕ ಟೀ ಲೋಟ ಇಸಿದುಕೊಂಡು ನೋಡಿದಳು. ಅರ್ಧ ಕುಡಿದಿದ್ದ ಟೀಯ ಮೇಲೆ ಕೆನೆ ಕಟ್ಟಿತ್ತು. ಬಾಗಿಲು ದಾಟುವಷ್ಟರಲ್ಲಿ ನೀರಿನ ಹಾಗೆ ತಣ್ಣಗೆ.

ಅಲ್ಲಿಂದ ಇದೇ ಬದುಕು. ಬಿಸಿ ಲೋಟ, ಬಿಸಿ ಇಸ್ತ್ರಿ ಮಾಡಿದ ಅಂಗಿ, ಹಾಸಿಗೆಯಲ್ಲಿ ಬಿಸಿನೀರಿನ ರಬ್ಬರ್ ಚೀಲ. ರಾತ್ರಿ ಬರುವಾಗ ಬಾವಿ ಹಾದಿ ಬಿಟ್ಟು ದೊಡ್ಡ ರಸ್ತೆ ಸುತ್ತಿಕೊಂಡು ಬರುವುದು. ಅವನು ಗೊಣಗುತ್ತಿದ್ದ. "ಹೆಂಡತಿ ಮಾತು ಕೇಳಿದವನು ಊರೆಲ್ಲ ಸುತ್ತಿ ಮನೆಗೆ ಬಂದ" ಅನ್ನುತ್ತಿದ್ದ. ಅವಳು ನಗುತ್ತಿದ್ದಳು, ಕಣ್ಣು ನಗುತ್ತಿರಲಿಲ್ಲ. ಚಳಿ ಇಳಿಯಲಿ, ಬಿಸಿಲು ಬಲಿಯಲಿ, ಅಷ್ಟು ದಿನ ತಳ್ಳಿದರೆ ಸಾಕು ಅಂತ ಅವಳ ಲೆಕ್ಕ. ಬೇಸಿಗೆ ಬಂದರೆ ಯಾರ ಕೈಯಾದರೇನು, ಗಾಳಿಗೇ ಏಳುತ್ತೆ ತಂತಿ.

ಆದರೆ ಬಿಸಿ ಅವನಿಗೆ ಹತ್ತುತ್ತಲೇ ಇರಲಿಲ್ಲ. ದಿನ ಕಳೆದಂತೆ ಬಾವಿಗೆ ಸುರಿದ ಹಾಗೆ.

ವಿಚಿತ್ರ ಅಂದರೆ, ಪರದೆ ಕೋಲಿನ ಮೇಲೆ ಮಾತ್ರ ಉಂಗುರ ಏರುತ್ತಲೇ ಇತ್ತು. ಅತ್ತೆ ಈಗ ಮಗನ ಕೈಗೆ ತಂತಿ ಕೊಡುತ್ತಿರಲಿಲ್ಲ. "ನನಗೆ ನಿದ್ದೆ ಬಂತು, ನಾಳೆ ಆಡೋಣ" ಅನ್ನುವಳು. ಬೆಳಿಗ್ಗೆ ನೋಡಿದರೆ ಕೋಲಿಗೆ ಇನ್ನೊಂದು ಹೊಸದು.

ಒಂದು ರಾತ್ರಿ ಅಕ್ಕ ನೀರಿಗೆ ಎದ್ದಳು. ಅಡಿಗೆಮನೆಯಲ್ಲಿ ಕತ್ತಲೆ. ಒಲೆಯ ಪಕ್ಕ ಯಾರೋ ಕೂತಿದ್ದರು. ಅತ್ತೆ. ಮುಷ್ಟಿ ಬಿಗಿಯಾಗಿ ಮುಚ್ಚಿ ಎದೆಗೆ ಒತ್ತಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಬಿಚ್ಚಿದಳು. ಉಂಗುರ. ಅದನ್ನು ಸೆರಗಿನಿಂದ ಒರೆಸಿ ಎದ್ದಾಗ ಸೊಸೆಯನ್ನು ನೋಡಿದಳು.

ಇಬ್ಬರೂ ನಿಂತರು. ನಲ್ಲಿ ತೊಟ್ಟಿಕ್ಕುತ್ತಿತ್ತು, ಟಪ್... ಟಪ್...

"ಅತ್ತೆ... ನಿಮಗೂ..."

"ಶ್... ಮೆಲ್ಲಗೆ."

"ಯಾವಾಗಿಂದ?"

"ಅವತ್ತೇ. ಹೆತ್ತವಳು ಕಣೇ ನಾನು. ತಂತಿ ಏಳಬೇಕಾ ನನಗೆ ಗೊತ್ತಾಗೋಕೆ?"

ಅಕ್ಕನಿಗೆ ಅಳು ಉಕ್ಕಿತು. ಅತ್ತೆ ಅವಳ ಬಾಯಿ ಮುಚ್ಚಿದಳು.

"ಬಾವಿ ನೋಡಿದ್ಯಾ?"

"ಇಲ್ಲ."

"ನೋಡಬೇಡ. ಯಾರಿಗೂ ನೋಡೋಕೆ ಬಿಡಬೇಡ. ಒಬ್ಬ ಮನುಷ್ಯ ಎರಡು ಕಡೆ ಇರೋಕಾಗಲ್ಲ. ಅಲ್ಲಿದಾನೆ ಅಂತ ಆದ್ರೆ ಇಲ್ಲಿರಲ್ಲ."

ಒಳಗಿನಿಂದ ಅವನ ದನಿ ಬಂತು. "ಏನದು ಗುಸುಗುಸು? ನನ್ನ ಮೇಲೆ ಚಾಡಿನಾ?"

"ನಿನ್ನ ಬಿಟ್ಟರೆ ನಮಗೆ ಇನ್ನೇನಿದೆ ಮಾತಾಡೋಕೆ? ಮಲಗೋ!" ಅಂದಳು ಅತ್ತೆ. ದನಿ ಎಂದಿನ ಹಾಗೇ ಗಡುಸು. ಕೈ ಮಾತ್ರ ಸೊಸೆಯ ಭುಜ ಬಿಟ್ಟಿರಲಿಲ್ಲ.

ಆಮೇಲೊಂದು ದಿನ ತಂತಿ ಏಳಲಿಲ್ಲ.

ಕುದಿಯುವ ಲೋಟ ಹಿಡಿದೇ ಬಂದಿದ್ದ. ಮುಚ್ಚು, ಬಿಚ್ಚು, ಉಹೂಂ. ಮೇಸ್ತ್ರಿ ಹೀಟರ್ ತೋರಿಸಿದ. ಹೀಟರಿನ ಕೆಂಪು ಸರಳಿನ ಮುಂದೆ ಅವನು ಕೈ ಚಾಚಿ ನಿಂತ, ಮೀಸೆ ಸುಡುವಷ್ಟು ಹತ್ತಿರ. ಆಗ ಹೇಗೋ ಎದ್ದಿತು, ಕುಂಟುತ್ತ.

"ನಾಳೆ ಹೀಗಾದ್ರೆ ನರ್ಸಮ್ಮನ ಹತ್ರ ಕಳಿಸ್ತೀನಿ. ರಕ್ತ ಓಡ್ತಿದ್ಯೋ ಇಲ್ವೋ ನೋಡ್ಲಿ" ಅಂದ ಮೇಸ್ತ್ರಿ. ಅವನು ಹೇಳಿದ್ದು ಕಾಳಜಿಯಿಂದಲೇ. ಒಳ್ಳೆಯ ಮನುಷ್ಯ. ಒಳ್ಳೆಯವರಿಂದ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ.

ಆ ವಾರ ಹೊಸದಾಗಿ ಕರಗಿಸಿದ ಲೋಹದಲ್ಲಿ ನಿಕ್ಕಲ್ಲು ಎಳೆಯಷ್ಟು ಹೆಚ್ಚು ಬಿದ್ದಿತ್ತು. ಎಳೆದ ತಂತಿಯೆಲ್ಲ ಚಳಿಯಲ್ಲೇ ಎದ್ದು ಕೂರುತ್ತಿತ್ತು, ಐಸಿನಲ್ಲಿದ್ದಷ್ಟು ಹೊತ್ತು ಮಾತ್ರ ಮಲಗುವುದು. ಮೇಸ್ತ್ರಿ ಬೈದು ಆ ಸುರುಳಿಗೆ ಕೆಂಪು ಚೀಟಿ ಕಟ್ಟಿ, ಮತ್ತೆ ಕರಗಿಸಲು ಮೂಲೆಗೆ ಹಾಕಿಸಿದ್ದ. ಅಕ್ಕ ಸಂಜೆಯೆಲ್ಲ ಆ ಕೆಂಪು ಚೀಟಿಯನ್ನೇ ನೋಡಿದಳು. ತಣ್ಣನೆಯ ಕೈಗೂ ಏಳುವ ತಂತಿ.

ಬಿಡುವಿನ ಹೊತ್ತಲ್ಲಿ ಒಂದು ತುಂಡು ಕತ್ತರಿಸಿ, ಮೊಳೆಗೆ ಸುತ್ತಿ, ತನ್ನ ಜಾಲರಿಗಳ ತಟ್ಟೆಯ ಮೂಲೆಯಲ್ಲಿಟ್ಟು ಕುಲುಮೆಗೆ ತಳ್ಳಿದಳು. ತಲೆ ಎಲ್ಲೋ ಇತ್ತು. ಹೊರಗೆ ತೆಗೆದು ನೋಡಿದಾಗ ತಪ್ಪು ಕಂಡಿತು. ಮೇಸ್ತ್ರಿಯ ಪರೀಕ್ಷೆ ತಂತಿಗೆ ಒಂದೇ ಸುತ್ತು. ಅಕ್ಕನ ಕೈಗೆ ವರ್ಷಾನುಗಟ್ಟಲೆ ಜಾಲರಿಯ ಬಾಯಿ ಕಟ್ಟಿ ಅಭ್ಯಾಸ, ಅದಕ್ಕೆ ಎರಡು ಸುತ್ತು. ಕೈ ತನ್ನಷ್ಟಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಅಡ್ಡ ಸಿಕ್ಕಿಸಿತ್ತು. ಮತ್ತೊಂದು ಮಾಡಲು ಹೊತ್ತಿರಲಿಲ್ಲ.

ಮರುದಿನ ಅವಳೇ ಹೋಗಿ ಫ್ಲಾಸ್ಕಿಗೆ ಕೈ ಹಾಕಿದಳು. "ಕೊಡಿ ಮೇಸ್ತ್ರಿ, ನಿಮ್ಮ ಕನ್ನಡಕ ಮಂಜಾಗಿದೆ. ನಾನೇ ತೆಗೀತೀನಿ."

"ತೆಗಿಯಮ್ಮ. ವಯಸ್ಸಾಯ್ತು, ತಂತಿ ಯಾವ್ದು ಕೂದಲು ಯಾವ್ದು ಗೊತ್ತಾಗಲ್ಲ."

ಮೊದಲೇ ಐಸಿನಲ್ಲಿ ನೆಟ್ಟಗೆ ಮಾಡಿ ಫ್ಲಾಸ್ಕಿನೊಳಗೆ ಇಳಿಬಿಟ್ಟಿದ್ದ ತನ್ನ ತಂತಿಯನ್ನು ಗಂಡನ ಅಂಗೈ ಮೇಲಿಟ್ಟಳು. ಅವನು ಅವಳ ಮುಖ ನೋಡಿದ. ಮುಷ್ಟಿ ಮುಚ್ಚಿದ.

"ಬಿಚ್ಚು."

ದುಂಡಗೆ, ಗಟ್ಟಿಯಾಗಿ, ಎದ್ದು ಕೂತಿತ್ತು.

ಮೇಸ್ತ್ರಿ ಬಗ್ಗಿದ. ಕನ್ನಡಕ ಒರೆಸಿಕೊಂಡ. "ಇದೇನೋ... ಎರಡು ಸುತ್ತಿದೆ?"

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದಳು.

"ನಾನು ಎರಡು ಪಟ್ಟು ಬದುಕಿದೀನಿ ಮೇಸ್ತ್ರಿ" ಅಂದ ಅವನು.

ಅಂದು ಮೊದಲ ಸಲ ಇಡೀ ಸಾಲು ನಕ್ಕಿತು. ಮೇಸ್ತ್ರಿಯ ಬಾಗಿಲಲ್ಲಿ ಬೇರೆಯವರ ಜೋಕು! ಅವನು ಉಂಗುರವನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದ. ಅಕ್ಕ ಬಚ್ಚಲಿಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಗೆದ್ದೆ ಅಂತ.

ಟೀ ಹೊತ್ತಿಗೆ ಹಿಂದಿನ ಗೇಟಿನ ಕಾವಲುಗಾರ ಶೆಡ್ಡಿಗೆ ಬಂದ.

"ಮೇಸ್ತ್ರಿ, ಆ ಬಾವಿ ತಗಡಿಂದು ಒಂದು ಬದಿ ಬೋಲ್ಟು ತುಂಡಾಗಿದೆ. ತಕ್ಕಡಿ ತಟ್ಟೆ ಹಾಗೆ ತೂಗುತ್ತೆ. ಕಾಲಿಟ್ಟವರು ಒಳಗೆ, ತಗಡು ಮತ್ತೆ ತನ್ನ ಜಾಗಕ್ಕೆ. ಬೆಳಿಗ್ಗೆ ವೆಲ್ಡಿಂಗಿನವರು ಬರ್ತಾರೆ, ಹಳೇದು ಕಿತ್ತು ಹೊಸದು ಕೂರಿಸ್ತಾರೆ."

"ಬೇಡ" ಅಂದಳು ಅಕ್ಕ.

ಎಲ್ಲರೂ ತಿರುಗಿ ನೋಡಿದರು.

"ಬೇಡ ಅಂದ್ರೆ?"

"ಅಂದ್ರೆ... ಮೇಲಿಂದಲೇ ಒಂದು ತಗಡು ಬಡಿದುಬಿಡಿ. ಕೀಳೋದು ಯಾಕೆ? ಇರೋದು ಇರಲಿ."

"ಇರಲಿ ಅಂದ್ರೆ ಹೇಗಮ್ಮ? ನಾಳೆ ಯಾರಾದ್ರೂ ಬಿದ್ದುಗಿದ್ದಾರು."

ಅದಕ್ಕೆ ಏನು ಹೇಳಬೇಕು? ಹೇಳಿ ನೋಡೋಣ, ನೀವಾದರೆ ಏನು ಹೇಳುತ್ತಿದ್ದಿರಿ? ಅವಳು ಮೇಸ್ತ್ರಿಯ ಮು‌ಖ ನೋಡಿದಳು, ಕಾವಲುಗಾರನ ಮುಖ ನೋಡಿದಳು. ಕುಲುಮೆಯ ಹತ್ತಿರ ಗಂಡ ಬೆನ್ನು ಮಾಡಿ ನಿಂತಿದ್ದ. ಅವನಿಗೂ ಕೇಳಿಸಿತ್ತು. ಸಿಳ್ಳೆ ನಿಂತಿತ್ತು.

ಆ ರಾತ್ರಿ ಹಿಂದಿನ ಗೇಟಿನ ಹತ್ತಿರ ಅವಳು ದೊಡ್ಡ ರಸ್ತೆಗೆ ತಿರುಗಿದಳು. ಅವನು ತಿರುಗಲಿಲ್ಲ.

"ಇವತ್ತು ಬಾವಿ ಹಾದೀಲಿ ಹೋಗೋಣ ಕಣೇ."

"ಬೇಡ ರೀ. ಕತ್ತಲೆ."

"ಟಾರ್ಚಿದೆಯಲ್ಲ."

"ಚಳಿ..."

"ನನಗೇನೂ ಆಗ್ತಿಲ್ಲ."

ಅವಳು ಅವನ ಕೈ ಹಿಡಿದುಕೊಂಡಳು. ಬಿಡಬಾರದು ಅಂತ. ಸ್ವಲ್ಪ ದೂರಕ್ಕೇ ಅವಳ ಬೆರಳು ಮರಗಟ್ಟಿದವು. ಆಗ ಅವನು ಅಂದ, "ನಿನ್ನ ಕೈ ಎಷ್ಟು ಬಿಸಿ... ಜ್ವರ ಬಂದಿದ್ಯಾ?"

ಈ ಮಾತು ಹೇಳಿ ಅಕ್ಕ ಕಂಬಳಿಯನ್ನು ಇನ್ನೊಮ್ಮೆ ಭುಜದ ಮೇಲೆ ಎಳೆದುಕೊಂಡಳು. ಗೋಡೆ ನೋಡುತ್ತಲೇ ಇದ್ದಳು.

ಬಾವಿ ಹತ್ತಿರ ಬಂತು. ತಗಡಿನ ಮೇಲೆ ಮಂಜಿನ ಹನಿ. ಎಲ್ಲೂ ಸದ್ದಿಲ್ಲ, ದೂರದಲ್ಲಿ ಕುಲುಮೆಯ ಫ್ಯಾನು ಮಾತ್ರ ಗುಂಯ್... ಅಂತ. ಅವನು ನಿಂತ.

"ನೀನು ನಡೀತಿರು, ಬಂದೆ."

"ನಾನು ಹೋಗಲ್ಲ."

"ಅಮ್ಮ ಕಾಯ್ತಿರ್ತಾಳೆ."

"ಇಬ್ಬರೂ ಹೋಗೋಣ ರೀ... ನಾಳೆ ಕೆಲಸ ಬಿಟ್ಟುಬಿಡೋಣ. ಬೇರೆ ಊರಿಗೆ ಹೋಗೋಣ. ಸೆಕೆ ಇರೋ ಊರಿಗೆ..."

ಅವನು ಜೇಬಿಗೆ ಕೈ ಹಾಕಿ, ಅಂಗೈ ಬಿಚ್ಚಿ, ಟಾರ್ಚಿನ ಬೆಳಕಿಗೆ ಹಿಡಿದ. ಎರಡು ಸುತ್ತಿನ ಉಂಗುರ.

"ಇದು ನೀನು ಸುತ್ತಿದ್ದಲ್ವಾ?"

ಅವಳು ಹೌದು ಅಂತ ತಲೆ ಆಡಿಸಿದಳು.

"ಅನ್ಕೊಂಡೆ. ಮೇಸ್ತ್ರಿ ಕೈಲಿ ಇಷ್ಟು ಚೆನ್ನಾಗಿ ಬರಲ್ಲ."

ಮುಷ್ಟಿ ಮುಚ್ಚಿದ. ಇನ್ನೊಂದು ಕೈಯಿಂದ ಅವಳನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. ತಳ್ಳಿದ್ದು ಕೂಡ ಗೊತ್ತಾಗದಷ್ಟು ಹಗುರ. ಕಾಲು ನಡೆದವು. ಅವಳು ನಡೆಯಲಿಲ್ಲ, ಕಾಲು ನಡೆದವು ಅಂತಲೇ ಹೇಳುತ್ತಾಳೆ ಅಕ್ಕ. ನಿಲ್ಲು ಅಂದರೆ ನಿಲ್ಲಲಿಲ್ಲ, ತಿರುಗು ಅಂದರೆ ತಿರುಗಲಿಲ್ಲ. ಗೋಡೆಯ ತಿರುವಿಗೆ ಬಂದಳು. ಠಣ್ ಅನ್ನುವುದಕ್ಕೆ ಕಿವಿ ಕಾದಿತ್ತು. ಠಣ್ ಬರಲಿಲ್ಲ. ಅದು ಅವತ್ತೇ ಬಂದಾಗಿತ್ತು.

ಬಂದದ್ದು...

ಡಬ್.

ಅಷ್ಟೇ.

ಮನೆ ಬಾಗಿಲಲ್ಲಿ ಅತ್ತೆ ಬಿಸಿ ಲೋಟ ಹಿಡಿದು ನಿಂತಿದ್ದಳು. ಸೊಸೆಯ ಹಿಂದೆ ನೋಡಿದಳು. ಇನ್ನೂ ಸ್ವಲ್ಪ ಹಿಂದೆ ನೋಡಿದಳು. ಲೋಟವನ್ನು ಸೊಸೆಯ ಕೈಗೆ ಕೊಟ್ಟು ಒಳಗೆ ಹೋದಳು.

ಬೆಳಿಗ್ಗೆ ವೆಲ್ಡಿಂಗಿನವರು ತಗಡು ಕಿತ್ತರು.

ಡಾಕ್ಟರು ನೋಡಿದರು. ಚಳಿ ಶುರುವಾದಾಗಿನಿಂದಲೂ ನೀರಲ್ಲಿದ್ದ ಮೈ ಇದು ಅಂದರು. ಮೇಸ್ತ್ರಿ ಹೌಹಾರಿದ. "ಏನ್ ಸಾರ್ ಮಾತಾಡ್ತೀರಾ? ನಿನ್ನೆ ನನ್ನ ಬಾಗಿಲಲ್ಲಿ ನಿಂತು ಜೋಕು ಹೊಡೆದ! ಇಡೀ ಶಿಫ್ಟು ನಕ್ಕಿದೆ!" ಇಡೀ ಶಿಫ್ಟು ಬಂದು ಹೌದು ಅಂತು. ಇನ್ಸ್‌ಪೆಕ್ಟರು ಒಬ್ಬೊಬ್ಬರ ಮುಖ ನೋಡಿ, "ಎಲ್ಲರೂ ಒಂದೇ ಅಂಗಡೀಲಿ ಕುಡೀತೀರಾ?" ಅಂತ ಕೇಳಿದರು. ಕೊನೆಗೆ ಕಾಗದದಲ್ಲಿ ಡಾಕ್ಟರ ಮಾತೇ ಗೆದ್ದಿತು. ಎಂಥವರ ಮಾತು ಗೆಲ್ಲುತ್ತೆ ಅಂತ ನಮಗೆ ಗೊತ್ತಿಲ್ಲವೇ.

ಬಲಗೈ ಮುಷ್ಟಿ ಬಿಗಿದಿತ್ತು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಒಳಗೆ ಎರಡು ಸುತ್ತಿನ ಉಂಗುರ, ತುದಿ ಅಡ್ಡ ಸಿಕ್ಕಿಸಿದ್ದು. ಇನ್ಸ್‌ಪೆಕ್ಟರು ಅದನ್ನು ಮೇಸ್ತ್ರಿಗೆ ತೋರಿಸಿ, ಏನಿದು ಅಂದರು. ಮೇಸ್ತ್ರಿ ಅದನ್ನು ಐಸಿಗೆ ಹಾಕಿದ, ಎಳೆದು ನೆಟ್ಟಗೆ ಮಾಡಿದ, ಹೊರಗೆ ತೆಗೆದು ತಣ್ಣನೆಯ ಮೇಜಿನ ಮೇಲಿಟ್ಟ. ಯಾರೂ ಮುಟ್ಟಲಿಲ್ಲ. ತಂತಿ ತಾನಾಗಿ ಎದ್ದು ಸುತ್ತಿಕೊಂಡಿತು, ಒಂದು... ಎರಡು.

ಮೇಸ್ತ್ರಿ ಕುರ್ಚಿ ಹಿಡಿದುಕೊಂಡು ಕೂತ.

"ಇದು ಕೆಂಪು ಚೀಟಿ ಸುರುಳೀದು ಸಾರ್. ಚಳಿ ಶುರುವಾದಾಗ ಈ ಲೋಹ ಇನ್ನೂ ಕರಗೇ ಇರಲಿಲ್ಲ."

ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆಗಿದ್ದು ಆದ ಹಾಗೆ ಹೇಳಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಮನೆಗೆ ನಾನು ಹೋಗಿದ್ದೆ, ಆ ಕಿಟಕಿಯ ಕೆಳಗೇ ಮಲಗಿದ್ದೆ. ಪರದೆ ಕೋಲಿನ ಮೇಲೆ ಒಂದು ಸುತ್ತಿನವು ಎಷ್ಟೋ ಇವೆ, ಪೊಲೀಸರು ವಾಪಸು ಕೊಟ್ಟ ಎರಡು ಸುತ್ತಿನದು ಒಂದೇ. ಅದರ ಒಳಮೈಗೆ ಬಾವಿಯ ಪಾಚಿ ಹಸಿರಾಗಿ ಅಂಟಿಕೊಂಡಿದೆ. ಅತ್ತೆ ಅದನ್ನು ಯಾರಿಗೂ ಒರೆಸಲು ಬಿಡುವುದಿಲ್ಲ.